ಜುಲೈ 1ರ ಗೆರೆ: ಎಳೆಯ ಫಿಗರ್ ಸ್ಕೇಟರ್ ಒಬ್ಬರ ಕ್ರೀಡಾಬದುಕು ಸಾಗುವ ಬಗೆ

ಜಪಾನಿನ ಮಾವೊ ಶಿಮಾಡಾ 2023, 2024 ಮತ್ತು 2025ರಲ್ಲಿ ಸತತ ಮೂರು ಬಾರಿ, ಐಸ್ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರುತ್ತ ಜಿಗಿಯುವ ಆಟವಾದ ಫಿಗರ್ ಸ್ಕೇಟಿಂಗ್‌ನ ಜೂನಿಯರ್ ವಿಶ್ವ ಚಾಂಪಿಯನ್ ಆದರು. ಮಹಿಳೆಯರಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ ಕೈಹಾಕುವ, ಮೂರೂವರೆ ಸುತ್ತಿನ ಟ್ರಿಪಲ್ ಆ್ಯಕ್ಸೆಲ್ ಜಿಗಿತವೂ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಿಗಿತವೂ ಅವರ ಅಭ್ಯಾಸದಲ್ಲಿದ್ದವು. ಹೀಗಿದ್ದೂ 2026ರ ಫೆಬ್ರುವರಿಯಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಅವರು ಅರ್ಹರಾಗಿರಲಿಲ್ಲ. ಅವರು ಹುಟ್ಟಿದ್ದು 2008ರ ಅಕ್ಟೋಬರ್ 30ರಂದು. ನಿಯಮದ ಪ್ರಕಾರ 2025ರ ಜುಲೈ 1ಕ್ಕೆ ಮುಂಚೆ 17 ವರ್ಷ ತುಂಬಿರಬೇಕಿತ್ತು. ನಾಲ್ಕು ತಿಂಗಳು ಕಡಿಮೆ ಬಿತ್ತು.

ಇದರಲ್ಲೊಂದು ಕಾಕತಾಳೀಯವೂ ಇದೆ. ಶಿಮಾಡಾಗೆ ಈ ಹೆಸರು ಬಂದದ್ದು ಅದೇ ದೇಶದ ಖ್ಯಾತ ಸ್ಕೇಟರ್ ಮಾವೊ ಅಸಾಡಾ ಅವರಿಂದ. 1990ರ ಸೆಪ್ಟೆಂಬರ್ 25ರಂದು ಹುಟ್ಟಿದ ಅಸಾಡಾ 2005ರ ಡಿಸೆಂಬರಿನಲ್ಲಿ ಹಿರಿಯರನ್ನೆಲ್ಲ ಸೋಲಿಸಿ ಗ್ರ್ಯಾನ್ ಪ್ರಿ ಫೈನಲ್ ಎಂಬ ದೊಡ್ಡ ಸ್ಪರ್ಧೆಯನ್ನು ಗೆದ್ದರು. ಎರಡು ತಿಂಗಳ ನಂತರ ಟ್ಯುರಿನ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಅವರು ಮನೆಯಲ್ಲೇ ಉಳಿದರು, ಏಕೆಂದರೆ 2005ರ ಜುಲೈ 1ಕ್ಕೆ ಅವರಿಗಿನ್ನೂ 15 ತುಂಬಿರಲಿಲ್ಲ. ಒಲಿಂಪಿಕ್ಸ್‌ಗೆ ಅಂದಿನ ಗೆರೆ 15ಕ್ಕೆ ಇತ್ತು, ಇಂದಿನದು 17ಕ್ಕೆ ಇದೆ.

ಜಗತ್ತಿನ ಅತ್ಯುತ್ತಮರನ್ನು ಸೋಲಿಸಬಲ್ಲ ಹುಡುಗಿಯನ್ನು ವಯಸ್ಸು ಸಾಲದೆಂದು ಹೊರಗಿಡುವುದು ಏಕೆ ಎಂಬ ಪ್ರಶ್ನೆ ಒಲಿಂಪಿಕ್ಸ್ ಬಂದಾಗಷ್ಟೇ ಈ ಆಟವನ್ನು ನೋಡುವವರಿಗೆ ಏಳುವುದು ಸಹಜ. ಇದಕ್ಕೆ ಉತ್ತರ ಹುಡುಕಬೇಕಾದರೆ ಜಿಗಿತವೊಂದು ಹೇಗೆ ನಡೆಯುತ್ತದೆ, ಅದಕ್ಕೆ ಅಂಕ ಹೇಗೆ ಬೀಳುತ್ತದೆ, ಬೆಳೆಯುವ ದೇಹ ಅದಕ್ಕೆ ಹೇಗೆ ಅಡ್ಡ ಬರುತ್ತದೆ ಎಂಬುದರಿಂದ ಶುರುಮಾಡಬೇಕು.

ಸ್ಪರ್ಧೆಯ ಸ್ವರೂಪ

ಫಿಗರ್ ಸ್ಕೇಟಿಂಗ್‌ನಲ್ಲಿ ಪುರುಷರ ಸಿಂಗಲ್ಸ್, ಮಹಿಳೆಯರ ಸಿಂಗಲ್ಸ್, ಪೇರ್ಸ್ ಮತ್ತು ಐಸ್ ಡ್ಯಾನ್ಸ್ ಎಂಬ ನಾಲ್ಕು ಮುಖ್ಯ ವಿಭಾಗಗಳಿವೆ. ಇಲ್ಲಿ ನಮಗೆ ಮುಖ್ಯವಾದದ್ದು ಸಿಂಗಲ್ಸ್. ಪ್ರತಿ ಸ್ಪರ್ಧಿಯೂ ಎರಡು ಬಾರಿ ಐಸ್ ಮೇಲೆ ಇಳಿಯಬೇಕು. ಮೊದಲನೆಯದು ಸುಮಾರು 2 ನಿಮಿಷ 40 ಸೆಕೆಂಡಿನ ಶಾರ್ಟ್ ಪ್ರೋಗ್ರಾಮ್. ಇದರಲ್ಲಿ ಮೂರು ಜಿಗಿತ, ಒಂದೇ ಜಾಗದಲ್ಲಿ ಗಿರಗಿರನೆ ತಿರುಗುವ ಮೂರು ಸ್ಪಿನ್ ಮತ್ತು ಪಾದಚಲನೆಯ ಒಂದು ಸರಣಿ ಕಡ್ಡಾಯ. ಎರಡನೆಯದು ಹಿರಿಯರಿಗೆ ಸುಮಾರು ನಾಲ್ಕು ನಿಮಿಷದ, ಜೂನಿಯರ್‌ಗಳಿಗೆ ಮೂರೂವರೆ ನಿಮಿಷದ ಫ್ರೀ ಸ್ಕೇಟ್. ಎರಡರ ಅಂಕಗಳನ್ನೂ ಕೂಡಿಸಿ ಸ್ಥಾನ ನಿರ್ಧರಿಸುತ್ತಾರೆ.

ಆಟಕ್ಕೆ 'ಫಿಗರ್' ಎಂಬ ಹೆಸರು ಬಂದದ್ದು ಜಿಗಿತದಿಂದಲ್ಲ. ಮೊದಲೆಲ್ಲ ಸ್ಪರ್ಧಿಗಳು ಬ್ಲೇಡಿನ ಅಂಚಿನಿಂದ ಐಸ್ ಮೇಲೆ ಎಂಟರ ಆಕಾರದಂಥ ಚಿತ್ರಗಳನ್ನು ಬಿಡಿಸಬೇಕಿತ್ತು. ತೀರ್ಪುಗಾರರು ಬಾಗಿ ನಿಂತು ಆ ಗೆರೆಗಳನ್ನು ಪರೀಕ್ಷಿಸಿ ಅಂಕ ಕೊಡುತ್ತಿದ್ದರು. 1972ರ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಬಿಯಾಟ್ರಿಕ್ಸ್ ಶೂಬಾ ಚಿನ್ನ ಗೆದ್ದದ್ದು ಮುಖ್ಯವಾಗಿ ಈ ಗೆರೆಗಳ ಬಲದಿಂದ. ಇಂಥ ಕೌಶಲ ಕೈಗೂಡಲು ವರ್ಷಗಟ್ಟಲೆ ತಾಳ್ಮೆ ಬೇಕಾಗಿದ್ದರಿಂದ ಹದಿಮೂರು ಹದಿನಾಲ್ಕರ ಮಕ್ಕಳು ಒಮ್ಮೆಗೇ ಮೇಲೇರುವುದು ಕಷ್ಟವಿತ್ತು. 1990ರ ನಂತರ ಈ ಭಾಗವನ್ನು ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಕೈಬಿಟ್ಟರು. ಅಲ್ಲಿಂದಾಚೆಗೆ ಜಿಗಿತದ ತೂಕ ಏರುತ್ತ ಹೋಯಿತು, ಗೆಲ್ಲುವವರ ವಯಸ್ಸು ಇಳಿಯುತ್ತ ಬಂತು.

ಬ್ಲೇಡು ಮತ್ತು ಆರು ಜಿಗಿತಗಳು

ಸ್ಕೇಟಿನ ಬ್ಲೇಡು ಚಾಕುವಿನಂತೆ ಒಂದೇ ಅಲಗಿನದಲ್ಲ. ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಆ ಉಕ್ಕಿನ ಪಟ್ಟಿಯ ತಳವನ್ನು ಉದ್ದಕ್ಕೂ ಸಣ್ಣ ಕಾಲುವೆಯಂತೆ ಕೊರೆದಿರುತ್ತಾರೆ. ಹಾಗಾಗಿ ಅದಕ್ಕೆ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳಿವೆ. ಮುಂತುದಿಯಲ್ಲಿ ಗರಗಸದ ಹಲ್ಲಿನಂಥ ಒಂದು ಭಾಗವಿದೆ, ಅದಕ್ಕೆ ಟೋ ಪಿಕ್ ಎನ್ನುತ್ತಾರೆ. ಯಾವ ಅಂಚಿನ ಮೇಲಿಂದ ಹಾರಿದರು, ಟೋ ಪಿಕ್ಕನ್ನು ಐಸಿಗೆ ಊರಿ ಹಾರಿದರೋ ಊರದೆ ಹಾರಿದರೋ ಎಂಬುದರ ಮೇಲೆ ಜಿಗಿತದ ಹೆಸರು ನಿಂತಿದೆ.

ಟೋ ಲೂಪ್, ಸಾಲ್ಕೋ, ಲೂಪ್, ಫ್ಲಿಪ್, ಲುಟ್ಜ್, ಆ್ಯಕ್ಸೆಲ್ ಎಂಬ ಆರು ಜಿಗಿತಗಳಿಗೆ ಮುಖ್ಯವಾಗಿ ಅಂಕ ಸಿಗುತ್ತದೆ. ಇವುಗಳಲ್ಲಿ ಮೂರಕ್ಕೆ ವ್ಯಕ್ತಿಗಳ ಹೆಸರಿದೆ: ಸ್ವೀಡನ್ನಿನ ಉಲ್ರಿಕ್ ಸಾಲ್ಕೋ, ಆಸ್ಟ್ರಿಯಾದ ಅಲೋಯಿಸ್ ಲುಟ್ಜ್, ನಾರ್ವೆಯ ಆ್ಯಕ್ಸೆಲ್ ಪಾಲ್ಸನ್. ಉಳಿದ ಐದೂ ಜಿಗಿತಗಳನ್ನು ಬೆನ್ನು ಮುಂದಾಗಿ ಜಾರುತ್ತ ಹಾರಿದರೆ ಆ್ಯಕ್ಸೆಲ್ ಒಂದನ್ನು ಮಾತ್ರ ಮುಖ ಮುಂದಾಗಿ ಹಾರುತ್ತಾರೆ. ಎಲ್ಲ ಜಿಗಿತಗಳಲ್ಲೂ ಇಳಿಯುವುದು ಬೆನ್ನು ಮುಂದಾಗಿಯೇ ಆದ್ದರಿಂದ ಆ್ಯಕ್ಸೆಲ್‌ನಲ್ಲಿ ಅರ್ಧ ಸುತ್ತು ಹೆಚ್ಚಾಗುತ್ತದೆ. ಡಬಲ್ ಆ್ಯಕ್ಸೆಲ್ ಎಂದರೆ ಎರಡೂವರೆ ಸುತ್ತು, ಟ್ರಿಪಲ್ ಆ್ಯಕ್ಸೆಲ್ ಎಂದರೆ ಮೂರೂವರೆ.

ಒಂದು ಟ್ರಿಪಲ್ ಲುಟ್ಜ್ ಅನ್ನು ಹತ್ತಿರದಿಂದ ನೋಡೋಣ. ಸ್ಕೇಟರ್ ಎಡಗಾಲಿನ ಹೊರ ಅಂಚಿನ ಮೇಲೆ ಭಾರ ಹಾಕಿ, ಭುಜದ ಮೇಲಿಂದ ಹಿಂದಕ್ಕೆ ನೋಡುತ್ತ, ರಿಂಕಿನ ಮೂಲೆಯತ್ತ ಉದ್ದನೆಯ ಕಮಾನಿನಲ್ಲಿ ಹಿಮ್ಮುಖವಾಗಿ ಜಾರುತ್ತಾರೆ. ಆ ಕಮಾನು ದೇಹವನ್ನು ಒಂದು ದಿಕ್ಕಿಗೆ ಎಳೆಯುತ್ತಿರುತ್ತದೆ, ತಿರುಗಬೇಕಾದದ್ದು ಅದಕ್ಕೆ ವಿರುದ್ಧ ದಿಕ್ಕಿಗೆ. ಬಲಗಾಲನ್ನು ಹಿಂದಕ್ಕೆ ಚಾಚಿ ಟೋ ಪಿಕ್ಕನ್ನು ಐಸಿಗೆ ಚುಚ್ಚಿದ ಕ್ಷಣದಲ್ಲಿ ಮುಂದೋಡುತ್ತಿದ್ದ ವೇಗದ ಒಂದು ಪಾಲು ಮೇಲಕ್ಕೆ ತಿರುಗುತ್ತದೆ. ಕೈಗಳು ಎದೆಗೆ ಅಂಟುತ್ತವೆ, ಕಾಲುಗಳು ಹೆಣೆದುಕೊಳ್ಳುತ್ತವೆ. ಮೂರು ಸುತ್ತು ಮುಗಿದು ಬಲಗಾಲಿನ ಹೊರ ಅಂಚು ಐಸನ್ನು ಮುಟ್ಟಿದಾಗ ಕೈಗಳು ಬಿಚ್ಚಿಕೊಳ್ಳುತ್ತವೆ, ಎಡಗಾಲು ಹಿಂದಕ್ಕೆ ಹೋಗುತ್ತದೆ. ಚುಚ್ಚುವುದಕ್ಕೆ ಸ್ವಲ್ಪವೇ ಮೊದಲು ಎಡಪಾದ ಒಳ ಅಂಚಿಗೆ ವಾಲಿತೆಂದರೆ ಅದು ಲುಟ್ಜ್ ಆಗಿ ಉಳಿಯುವುದಿಲ್ಲ, ಫ್ಲಿಪ್ ಕಡೆಗೆ ಜಾರಿರುತ್ತದೆ. ತಾಂತ್ರಿಕ ಸಮಿತಿಯವರು ವಿಡಿಯೊವನ್ನು ನಿಧಾನವಾಗಿ ಓಡಿಸಿ ಆ ತಪ್ಪನ್ನು ಹಿಡಿಯುತ್ತಾರೆ. ಟಿವಿಯ ಮುಂದೆ ಕುಳಿತ ನಮಗೆ ಎರಡೂ ಒಂದೇ ತರಹ ಕಾಣುತ್ತವೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಮುಕ್ಕಾಲು ಸೆಕೆಂಡಿನೊಳಗಿನ ಲೆಕ್ಕ

ಇಷ್ಟೆಲ್ಲಕ್ಕೂ ಸಿಗುವ ಸಮಯ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಮುಕ್ಕಾಲು ಸೆಕೆಂಡಿಗಿಂತ ಕಡಿಮೆ. ಗಾಳಿಯಲ್ಲಿ 0.6 ಸೆಕೆಂಡು ಇರಬೇಕಾದರೆ ದೇಹ ಸುಮಾರು 44 ಸೆಂಟಿಮೀಟರ್ ಮೇಲೇಳಬೇಕು, ಅದನ್ನು 0.7 ಸೆಕೆಂಡಿಗೆ ಏರಿಸಲು ಸುಮಾರು 60 ಸೆಂಟಿಮೀಟರ್ ಬೇಕು. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಗಳಿಸಲು 16 ಸೆಂಟಿಮೀಟರ್ ಹೆಚ್ಚು ಹಾರಬೇಕಾಗುತ್ತದೆ. ಎತ್ತರಕ್ಕೆ ಹಾರಿ ಸಮಯ ಕೊಳ್ಳುವುದು ಹೀಗೆ ದುಬಾರಿ ಬಾಬತ್ತಾದ್ದರಿಂದ, ಸುತ್ತುಗಳನ್ನು ಹೆಚ್ಚಿಸಲು ಉಳಿಯುವ ಇನ್ನೊಂದು ದಾರಿ ವೇಗವಾಗಿ ತಿರುಗುವುದು. ನಾಲ್ಕು ಸುತ್ತಿನ ಜಿಗಿತದಲ್ಲಿ ದೇಹ ಸೆಕೆಂಡಿಗೆ ಐದಾರು ಸುತ್ತಿನ ವೇಗದಲ್ಲಿ ತಿರುಗುತ್ತಿರುತ್ತದೆ.

ತಿರುಗುವ ಕುರ್ಚಿಯಲ್ಲಿ ಕುಳಿತು ಕೈ ಚಾಚಿ ಸುತ್ತಿ, ಆಮೇಲೆ ಕೈಗಳನ್ನು ಎದೆಗೆ ಎಳೆದುಕೊಂಡು ನೋಡಿದವರಿಗೆ ಈ ತತ್ವ ಗೊತ್ತಿರುತ್ತದೆ: ಭಾರ ನಡುವಿನ ಅಕ್ಷಕ್ಕೆ ಹತ್ತಿರ ಬಂದಷ್ಟೂ ತಿರುಗುವ ವೇಗ ಏರುತ್ತದೆ. ಕೈಕಾಲುಗಳನ್ನು ಬಿಗಿಯಾಗಿ ಎಳೆದುಕೊಂಡ ಸ್ಕೇಟರ್ ಒಂದು ಬುಗುರಿಯಿದ್ದಂತೆ. ಆದರೆ ಭುಜ ಮತ್ತು ಸೊಂಟದ ಅಗಲವನ್ನು ಯಾರೂ ಒಳಗೆಳೆದುಕೊಳ್ಳಲು ಬರುವುದಿಲ್ಲ. ಹನ್ನೆರಡು ಹದಿಮೂರರ ಹುಡುಗಿಗೂ ಹದಿನೇಳರ ಅದೇ ಹುಡುಗಿಗೂ ಇರುವ ವ್ಯತ್ಯಾಸ ಇದರಲ್ಲಿದೆ.

ಒಂದು ಸರಳ ಲೆಕ್ಕ ಹಾಕಬಹುದು. ದೇಹ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಶೇಕಡಾ 10ರಷ್ಟು ದೊಡ್ಡದಾಯಿತು ಎಂದಿಟ್ಟುಕೊಳ್ಳೋಣ. ಆಗ ತೂಕ ಸುಮಾರು ಶೇಕಡಾ 33ರಷ್ಟು ಏರುತ್ತದೆ. ತಿರುಗಿಸಲು ಹೊರಟಾಗ ದೇಹ ಒಡ್ಡುವ ಪ್ರತಿರೋಧ, ಅಂದರೆ ತಿರುಗುವಿಕೆಯ ಜಡತ್ವ, ಸುಮಾರು ಶೇಕಡಾ 61ರಷ್ಟು ಏರುತ್ತದೆ. ಸ್ನಾಯುಗಳ ಬಲವನ್ನು ನಿರ್ಧರಿಸುವ ಅವುಗಳ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ಶೇಕಡಾ 21ರಷ್ಟೇ ಏರುತ್ತದೆ. ನಿಜವಾದ ಬೆಳವಣಿಗೆ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ, ತರಬೇತಿಯಿಂದ ಬಲ ಇನ್ನೂ ಹೆಚ್ಚಬಹುದು. ಆದರೂ ಲೆಕ್ಕ ಯಾವ ಕಡೆಗೆ ವಾಲುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹುಡುಗರಿಗೆ ಹರೆಯದಲ್ಲಿ ಸ್ನಾಯುಬಲವೂ ಸಾಕಷ್ಟು ಸೇರುವುದರಿಂದ ಅವರ ಜಿಗಿತಗಳು ಹದಿನೇಳು ಹದಿನೆಂಟರ ನಂತರ ಬಲಗೊಳ್ಳುತ್ತ ಹೋಗುತ್ತವೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ, ಸ್ಪರ್ಧೆಯೊಂದರಲ್ಲಿ ಮೊದಲ ಬಾರಿಗೆ ನಾಲ್ಕೂವರೆ ಸುತ್ತಿನ ಕ್ವಾಡ್ ಆ್ಯಕ್ಸೆಲ್ ಅನ್ನು ಸರಿಯಾಗಿ ಇಳಿಸಿದ ಇಲಿಯಾ ಮಲಿನಿನ್‌ಗೆ ಆಗ 17 ವರ್ಷ. ಹುಡುಗಿಯರಲ್ಲಿ ಅನೇಕರಿಗೆ ಇದೇ ವಯಸ್ಸಿನಲ್ಲಿ ಜಿಗಿತ ಕೈತಪ್ಪತೊಡಗುತ್ತದೆ.

ಜಪಾನಿನ ಮಿಕಿ ಆಂಡೊ 2002ರಲ್ಲಿ, 14ನೇ ವಯಸ್ಸಿನಲ್ಲಿ, ಜೂನಿಯರ್ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ನಾಲ್ಕು ಸುತ್ತಿನ ಸಾಲ್ಕೋ ಇಳಿಸಿದರು. ಮಹಿಳೆಯೊಬ್ಬರು ಸ್ಪರ್ಧೆಯಲ್ಲಿ ನಾಲ್ಕು ಸುತ್ತು ಪೂರೈಸಿದ್ದು ಅದೇ ಮೊದಲು. ಮುಂದೆ ಅವರು 2007 ಮತ್ತು 2011ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಆ ಜಿಗಿತದ ನೆರವಿಲ್ಲದೆ.

ಬಿದ್ದರೂ ಲಾಭವೇ?

ಅಂಕ ಕೊಡುವ ಈಗಿನ ಪದ್ಧತಿ ಹುಟ್ಟಿದ್ದು ಒಂದು ಹಗರಣದಿಂದ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಪೇರ್ಸ್ ವಿಭಾಗದಲ್ಲಿ ತೀರ್ಪುಗಾರರ ಮೇಲೆ ಒತ್ತಡ ಹೇರಿದ ಆರೋಪ ಎದ್ದು, ಕೊನೆಗೆ ರಷ್ಯಾದ ಜೋಡಿಯ ಜತೆಗೆ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. ಅಲ್ಲಿಯವರೆಗೆ ಪ್ರತಿ ತೀರ್ಪುಗಾರರು 6.0ರ ಒಳಗೆ ಒಟ್ಟಾರೆ ಅಂಕ ಕೊಡುತ್ತಿದ್ದರು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2004ರಲ್ಲಿ ಅದನ್ನು ಬಿಟ್ಟು, ಪ್ರತಿಯೊಂದು ಜಿಗಿತಕ್ಕೂ ಸ್ಪಿನ್ನಿಗೂ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು ಜಾರಿಗೆ ತಂದಿತು.

ಇದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಹೋಲಿಸಬಹುದು. ಪ್ರತಿ ಪ್ರಶ್ನೆಗೂ ಮೊದಲೇ ಗೊತ್ತಾದ ಮೂಲ ಅಂಕವಿದೆ: ಟ್ರಿಪಲ್ ಟೋ ಲೂಪ್‌ಗೆ 4.20, ಟ್ರಿಪಲ್ ಲುಟ್ಜ್‌ಗೆ 5.90, ಟ್ರಿಪಲ್ ಆ್ಯಕ್ಸೆಲ್‌ಗೆ 8.00, ನಾಲ್ಕು ಸುತ್ತಿನ ಲುಟ್ಜ್‌ಗೆ 11.50. ಉತ್ತರ ಎಷ್ಟು ಚೆನ್ನಾಗಿದೆ ಎಂಬುದನ್ನು ತೀರ್ಪುಗಾರರು −5ರಿಂದ +5ರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಅದರ ಒಂದೊಂದು ಮೆಟ್ಟಿಲೂ ಮೂಲ ಅಂಕದ ಶೇಕಡಾ 10ಕ್ಕೆ ಸಮ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಕೊಟ್ಟವರ ಅಂಕಗಳನ್ನು ತೆಗೆದು ಉಳಿದವರ ಸರಾಸರಿ ಹಿಡಿಯುತ್ತಾರೆ. ಟ್ರಿಪಲ್ ಲುಟ್ಜ್‌ಗೆ ಸರಾಸರಿ +3 ಬಂದರೆ 5.90ಕ್ಕೆ 1.77 ಸೇರಿ 7.67 ಆಗುತ್ತದೆ.

ನಾಲ್ಕು ಸುತ್ತನ್ನೂ ಪೂರೈಸಿ ಇಳಿಯುವಾಗ ಬಿದ್ದರೆ ಏನಾಗುತ್ತದೆ? ತೀರ್ಪುಗಾರರ ಅಳತೆಯಲ್ಲಿ −5 ಬಂದು ನಾಲ್ಕು ಸುತ್ತಿನ ಲುಟ್ಜ್‌ನ 11.50ರಲ್ಲಿ ಅರ್ಧ ಹೋಗಿ 5.75 ಉಳಿಯುತ್ತದೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಳೆದರೆ 4.75. ಒಂದು ತಪ್ಪೂ ಇಲ್ಲದೆ, ಆದರೆ ವಿಶೇಷ ಮೆರುಗೂ ಇಲ್ಲದೆ ಮಾಡಿದ ಟ್ರಿಪಲ್ ಟೋ ಲೂಪ್‌ಗೆ ಸಿಗುವ 4.20ಕ್ಕಿಂತ ಇದು ಹೆಚ್ಚೇ. ಐಸ್ ಮೇಲೆ ಅಂಗಾತ ಬಿದ್ದವರು ಅಂಕಪಟ್ಟಿಯಲ್ಲಿ ಮೇಲಿರುವುದನ್ನು ಕಂಡು ವೀಕ್ಷಕರು ತಬ್ಬಿಬ್ಬಾಗುವುದು ಇಂಥ ಲೆಕ್ಕದಿಂದಲೇ. ಸುತ್ತು ಪೂರ್ತಿಯಾಗದಿದ್ದರೆ ಮಾತ್ರ ಕಥೆ ಬೇರೆ: ಕಾಲು ಸುತ್ತಿಗಿಂತ ಹೆಚ್ಚು ಕೊರತೆಯಿದ್ದರೆ ಮೂಲ ಅಂಕವೇ ಇಳಿಯುತ್ತದೆ, ಅರ್ಧ ಸುತ್ತಿನಷ್ಟು ಕೊರತೆಯಿದ್ದರೆ ನಾಲ್ಕರ ಜಿಗಿತವನ್ನು ಮೂರರದೆಂದೇ ಎಣಿಸುತ್ತಾರೆ.

ಇದರ ಜತೆಗೆ ಸಂಯೋಜನೆ, ಪ್ರಸ್ತುತಿ ಮತ್ತು ಸ್ಕೇಟಿಂಗ್ ಕೌಶಲ ಎಂಬ ಮೂರು ಬಾಬತ್ತುಗಳಿಗೆ ಪ್ರತ್ಯೇಕ ಅಂಕಗಳಿವೆ. ಸಂಗೀತದೊಂದಿಗಿನ ಹೊಂದಾಣಿಕೆ, ಅಂಚುಗಳ ಮೇಲಿನ ಹಿಡಿತ, ವೇಗ ಮುಂತಾದವು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಇವು ವರ್ಷಗಳೊಂದಿಗೆ ಮಾಗುವ ಗುಣಗಳು.

2022ರ ಬೀಜಿಂಗ್ ಒಲಿಂಪಿಕ್ಸ್‌ನ ಮಹಿಳೆಯರ ಫಲಿತಾಂಶ ಈ ಎರಡು ಸೆಳೆತಗಳನ್ನೂ ತೋರಿಸುತ್ತದೆ. 17 ವರ್ಷದ ಅಲೆಕ್ಸಾಂಡ್ರಾ ಟ್ರುಸೋವಾ ಫ್ರೀ ಸ್ಕೇಟ್‌ನಲ್ಲಿ ನಾಲ್ಕು ಸುತ್ತಿನ ಜಿಗಿತಗಳನ್ನು ಐದು ಬಾರಿ ಹಾರಿ ಆ ಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದರೂ ಒಟ್ಟು 251.73ಕ್ಕೆ ನಿಂತು ಬೆಳ್ಳಿ ಗೆದ್ದರು. ಅಂಥ ಎರಡೇ ಜಿಗಿತ ಹಾರಿದ, ಅದೇ ವಯಸ್ಸಿನ ಅನ್ನಾ ಶೆರ್ಬಕೋವಾ 255.95 ಅಂಕಗಳೊಂದಿಗೆ ಚಿನ್ನ ಗೆದ್ದರು. ನಾಲ್ಕು ಸುತ್ತೂ ಇಲ್ಲದ, ಟ್ರಿಪಲ್ ಆ್ಯಕ್ಸೆಲ್ ಕೂಡ ಇಲ್ಲದ ಜಪಾನಿನ ಕಾವೊರಿ ಸಾಕಾಮೊಟೊಗೆ ಕಂಚು ಬಂತು.

ಮೊದಲ ಹತ್ತು ವರ್ಷ

ಅಗ್ರಮಟ್ಟಕ್ಕೆ ಏರುವವರಲ್ಲಿ ಬಹುಪಾಲು ಮಂದಿ ಐಸ್ ಮೇಲೆ ಕಾಲಿಡುವುದು ಐದಾರನೇ ವಯಸ್ಸಿಗೆ ಮೊದಲೇ ಅಥವಾ ಆಸುಪಾಸಿನಲ್ಲಿ. ಒಂದು ಸುತ್ತಿನ ಜಿಗಿತಗಳು, ಅನಂತರ ಎರಡು ಸುತ್ತಿನವು ಒಂದೊಂದಾಗಿ ಬರುತ್ತವೆ. ಆಮೇಲೆ ಡಬಲ್ ಆ್ಯಕ್ಸೆಲ್ ಎಂಬ ಗೋಡೆ ಎದುರಾಗುತ್ತದೆ. ಉಳಿದ ಡಬಲ್ ಜಿಗಿತಗಳಿಗಿಂತ ಅರ್ಧವೇ ಸುತ್ತು ಹೆಚ್ಚು ಎನಿಸಿದರೂ ಅನೇಕ ಮಕ್ಕಳು ಒಂದು ಎರಡು ವರ್ಷ ಇದರ ಮುಂದೆಯೇ ನಿಂತುಬಿಡುತ್ತಾರೆ. ಅದನ್ನು ದಾಟಿದವರಿಗೆ ಮೂರು ಸುತ್ತಿನ ಜಿಗಿತಗಳು ಬೇಗ ಬೇಗ ಕೈಗೂಡುವುದುಂಟು. ಹೊಸ ಜಿಗಿತ ಕಲಿಸುವಾಗ ಮಗುವಿನ ಸೊಂಟಕ್ಕೆ ಪಟ್ಟಿ ಬಿಗಿದು, ಅದಕ್ಕೆ ಕಟ್ಟಿದ ಹಗ್ಗವನ್ನು ಉದ್ದನೆಯ ಕೋಲಿನ ತುದಿಯಿಂದ ತರಬೇತುದಾರರು ಹಿಡಿದು ಜತೆಜತೆಗೇ ಜಾರುತ್ತಾರೆ. ಮಗು ಹಾರಿದಾಗ ಕೋಲು ಮೇಲೇಳುತ್ತದೆ, ಬೀಳುವ ಮೊದಲೇ ಹಗ್ಗ ತಡೆಯುತ್ತದೆ.

ಬೂಟಿನದೇ ಒಂದು ಅಧ್ಯಾಯ. ಹಿಮ್ಮಡಿಯ ಗಂಟನ್ನು ಕಟ್ಟಿಹಾಕುವಷ್ಟು ಗಡುಸಾದ ಬೂಟನ್ನು ಪಳಗಿಸಲು ವಾರಗಟ್ಟಲೆ ಬೇಕು. ಬ್ಲೇಡನ್ನು ಪ್ರತ್ಯೇಕವಾಗಿ ಕೊಂಡು ಬೂಟಿನ ತಳಕ್ಕೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಅದು ಮಿಲಿಮೀಟರ್ ಒಂದರಷ್ಟು ಪಕ್ಕಕ್ಕೆ ಸರಿದರೂ ದೇಹದ ಸಮತೋಲ ತಪ್ಪಿ, ನಿನ್ನೆ ಬರುತ್ತಿದ್ದ ಜಿಗಿತ ಇವತ್ತು ಬರುವುದಿಲ್ಲ. ಬೆಳೆಯುವ ಮಕ್ಕಳ ಪಾದ ವರ್ಷ ತುಂಬುವುದರೊಳಗೆ ಅಳತೆ ಮೀರುವುದರಿಂದ ಈ ಸರ್ಕಸ್ಸು ಮತ್ತೆ ಮತ್ತೆ ನಡೆಯುತ್ತದೆ.

ದೊಡ್ಡ ಖರ್ಚು ಐಸ್ ಸಮಯದ್ದು. ಪೂರ್ಣ ಅಳತೆಯ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ ಇರುತ್ತದೆ. ಐಸ್ ಹಾಕಿ ತಂಡಗಳು, ಸಾರ್ವಜನಿಕರು, ಸ್ಕೇಟರ್‌ಗಳು ಎಲ್ಲರೂ ಅದನ್ನೇ ಗಂಟೆಯ ಲೆಕ್ಕದಲ್ಲಿ ಹಂಚಿಕೊಳ್ಳಬೇಕು. ಹಾಗಾಗಿ ಶಾಲೆಗೆ ಮುಂಚಿನ ನಸುಕಿನ ಹೊತ್ತು ಸ್ಕೇಟರ್‌ಗಳ ಪಾಲಿಗೆ ಬರುವುದು ಸಾಮಾನ್ಯ. ಇದರ ಮೇಲೆ ತರಬೇತುದಾರರು, ನೃತ್ಯ ಸಂಯೋಜಕರು, ಬ್ಯಾಲೆ ಶಿಕ್ಷಕರು, ಉಡುಪು, ಪ್ರಯಾಣ ಎಲ್ಲ ಸೇರುತ್ತವೆ. ಅಂತರರಾಷ್ಟ್ರೀಯ ಮಟ್ಟ ತಲುಪಿ ದೇಶದ ಒಕ್ಕೂಟದ ನೆರವು ಅಥವಾ ಪ್ರಾಯೋಜಕರು ಸಿಗುವವರೆಗೆ ಇದರ ಭಾರವನ್ನು ಹೆಚ್ಚಾಗಿ ಕುಟುಂಬವೇ ಹೊರುತ್ತದೆ.

ಏಣಿ ಮತ್ತು ಅದರ ಇಕ್ಕಟ್ಟು

ಈ ಆಟದ ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಸಿಂಗಲ್ಸ್‌ನಲ್ಲಿ ಜುಲೈ 1ಕ್ಕೆ ಮುಂಚೆ 13 ತುಂಬಿ ಇನ್ನೂ 19 ತುಂಬದವರು ಜೂನಿಯರ್‌ಗಳು; ಅವರಿಗಿಂತ ಚಿಕ್ಕವರಿಗಾಗಿ ನೋವಿಸ್ ಎಂಬ ಹಂತವಿದೆ. ಜೂನಿಯರ್‌ಗಳಿಗೆ ಬೇಸಿಗೆಯ ಕೊನೆಯಿಂದ ಜೂನಿಯರ್ ಗ್ರ್ಯಾನ್ ಪ್ರಿ ಸರಣಿ, ಡಿಸೆಂಬರಿನಲ್ಲಿ ಅದರ ಫೈನಲ್, ಅದಾದ ಮೇಲೆ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತವೆ. ಹಿರಿಯರಿಗೂ ಇದೇ ಬಗೆಯ ಗ್ರ್ಯಾನ್ ಪ್ರಿ ಸರಣಿಯಿದ್ದು, ವರ್ಷ ಮಾರ್ಚ್ ತಿಂಗಳ ವಿಶ್ವ ಚಾಂಪಿಯನ್‌ಷಿಪ್‌ನೊಂದಿಗೆ ಹೆಚ್ಚುಕಡಿಮೆ ಮುಗಿಯುತ್ತದೆ.

ಒಲಿಂಪಿಕ್ಸ್‌ಗೂ ವಿಶ್ವ ಚಾಂಪಿಯನ್‌ಷಿಪ್‌ಗೂ ಒಂದು ದೇಶ ಒಂದು ವಿಭಾಗದಲ್ಲಿ ಕಳುಹಿಸಬಹುದಾದವರು ಹೆಚ್ಚೆಂದರೆ ಮೂವರು, ಅದೂ ಹಿಂದಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ದೇಶದವರು ಪಡೆದ ಸ್ಥಾನಗಳನ್ನು ಅವಲಂಬಿಸಿ. ಜಪಾನ್‌ನಂಥ ದೇಶದಲ್ಲಿ ನಾಲ್ಕನೆಯ ಸ್ಥಾನದಲ್ಲಿರುವ ಹುಡುಗಿ ಜಗತ್ತಿನ ಮೊದಲ ಹತ್ತರಲ್ಲಿ ಇರಬಲ್ಲವಳಾದರೂ ರಾಷ್ಟ್ರೀಯ ಸ್ಪರ್ಧೆಯಾದ ಮೇಲೆ ಮನೆಗೆ ಹೋಗಬೇಕಾಗಬಹುದು. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಜಿಗಿತ ಕೈಯಲ್ಲಿರುವ ಕಾಲ ಎರಡು ಮೂರು ವರ್ಷವಾದರೆ, ಹುಟ್ಟಿದ ತಿಂಗಳು ಕೂಡ ಕ್ರೀಡಾಬದುಕನ್ನು ತೀರ್ಮಾನಿಸಿಬಿಡುತ್ತದೆ.

15ರಿಂದ 17ಕ್ಕೆ

ವಯಸ್ಸಿನ ಗೆರೆ ಮೊದಲಿನಿಂದ ಇದ್ದದ್ದಲ್ಲ. ನಾರ್ವೆಯ ಸೋನಿಯಾ ಹೆನಿ 1924ರ ಒಲಿಂಪಿಕ್ಸ್‌ನಲ್ಲಿ 11ನೇ ವಯಸ್ಸಿನಲ್ಲಿ ಸ್ಪರ್ಧಿಸಿ ಕೊನೆಯ ಸ್ಥಾನ ಪಡೆದರು. 1928ರಲ್ಲಿ 15ನೇ ವಯಸ್ಸಿಗೆ ಚಿನ್ನ ಗೆದ್ದು, ಮುಂದಿನ ಎರಡು ಒಲಿಂಪಿಕ್ಸ್‌ಗಳಲ್ಲೂ ಗೆದ್ದರು. ಒಲಿಂಪಿಕ್ಸ್‌ಗೂ ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ಗೂ 15ರ ಮಿತಿ ಬಂದದ್ದು 1990ರ ದಶಕದ ನಡುವಿನಲ್ಲಿ. ಆಗಲೇ ಸ್ಪರ್ಧಿಸಿಯಾಗಿದ್ದ ಅಮೆರಿಕದ ಟಾರಾ ಲಿಪಿನ್ಸ್ಕಿಗೆ ವಿನಾಯಿತಿ ಸಿಕ್ಕಿ, 14ಕ್ಕೆ ವಿಶ್ವ ಚಾಂಪಿಯನ್ ಆಗಿ, 1998ರಲ್ಲಿ 15ಕ್ಕೆ ಒಲಿಂಪಿಕ್ ಚಿನ್ನ ಗೆದ್ದರು. ಅದೇ ವರ್ಷ ಅವರು ಸ್ಪರ್ಧೆಯಿಂದ ದೂರವಾದರು. 18ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾಯಿತು.

ಮುಂದೆ ಇಂಥ ಕಥೆಗಳು ಹೆಚ್ಚುತ್ತ ಹೋದವು. ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಾಯಾ 2014ರಲ್ಲಿ 15ನೇ ವಯಸ್ಸಿಗೆ ತಂಡದ ಚಿನ್ನ ಗೆದ್ದು, ಆಹಾರ ಸೇವನೆಗೆ ಸಂಬಂಧಿಸಿದ ಅನೊರೆಕ್ಸಿಯಾ ಕಾಯಿಲೆಗೆ ಚಿಕಿತ್ಸೆ ಪಡೆದ ಬಳಿಕ 2017ರಲ್ಲಿ, 19ಕ್ಕೆ, ನಿವೃತ್ತಿ ಘೋಷಿಸಿದರು. ಅಲಿನಾ ಜಗಿಟೋವಾ 2018ರಲ್ಲಿ 15ಕ್ಕೆ ಚಿನ್ನ ಗೆದ್ದರು. ದಣಿವಾದ ಮೇಲೆ ಹಾರುವುದು ಕಷ್ಟವೆಂದು ಕಾರ್ಯಕ್ರಮದ ದ್ವಿತೀಯಾರ್ಧದ ಜಿಗಿತಗಳಿಗೆಲ್ಲ ಆಗ ಶೇಕಡಾ 10 ಹೆಚ್ಚುವರಿ ಅಂಕವಿತ್ತು. ಜಗಿಟೋವಾ ತಮ್ಮ ಎಲ್ಲ ಜಿಗಿತಗಳನ್ನೂ ಆ ಭಾಗಕ್ಕೇ ಜೋಡಿಸಿಕೊಂಡಿದ್ದರು. ಅನಂತರ ಒಕ್ಕೂಟ ಆ ಲಾಭವನ್ನು ಫ್ರೀ ಸ್ಕೇಟ್‌ನ ಕೊನೆಯ ಮೂರು ಜಿಗಿತಗಳಿಗೆ ಸೀಮಿತಗೊಳಿಸಿತು. ಅವರೂ 2019ರ ಡಿಸೆಂಬರಿನಲ್ಲಿ, 17ನೇ ವಯಸ್ಸಿನಲ್ಲಿ, ಸ್ಪರ್ಧೆಗಳಿಗೆ ವಿರಾಮ ಹಾಕಿದರು.

ಚರ್ಚೆ ನಿರ್ಣಾಯಕ ಹಂತಕ್ಕೆ ಬಂದದ್ದು ಬೀಜಿಂಗ್‌ನಲ್ಲಿ. 15 ವರ್ಷದ ಕಮಿಲಾ ವಲಿಯೆವಾ ಅವರ 2021ರ ಡಿಸೆಂಬರ್ 25ರ ಮಾದರಿಯಲ್ಲಿ ಹೃದಯದ ಕಾಯಿಲೆಗೆ ಕೊಡುವ, ಕ್ರೀಡಾಪಟುಗಳಿಗೆ ನಿಷೇಧವಿರುವ ಟ್ರೈಮೆಟಾಜಿಡಿನ್ ಎಂಬ ಔಷಧ ಪತ್ತೆಯಾದದ್ದು ತಂಡದ ಸ್ಪರ್ಧೆ ಮುಗಿದ ಮೇಲೆ ಹೊರಬಿತ್ತು. ಅಪ್ರಾಪ್ತರೆಂಬುದೂ ಸೇರಿದಂತೆ ಕೆಲವು ಕಾರಣಗಳಿಂದ ಕ್ರೀಡಾ ನ್ಯಾಯಮಂಡಳಿ ಅವರಿಗೆ ಸಿಂಗಲ್ಸ್‌ನಲ್ಲಿ ಆಡಲು ಬಿಟ್ಟಿತು. ಅವರು ಹಲವು ಬಾರಿ ತಡವರಿಸಿ ನಾಲ್ಕನೆಯವರಾಗಿ ಮುಗಿಸಿದರು. 2024ರ ಜನವರಿಯಲ್ಲಿ ಅದೇ ನ್ಯಾಯಮಂಡಳಿ ಮಾದರಿ ಕೊಟ್ಟ ದಿನದಿಂದ ಎಣಿಸಿ ನಾಲ್ಕು ವರ್ಷದ ನಿಷೇಧ ವಿಧಿಸಿತು, ಫಲಿತಾಂಶಗಳು ರದ್ದಾದವು.

2022ರ ಜೂನ್‌ನಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಸೇರಿದ ಒಕ್ಕೂಟದ ಮಹಾಸಭೆ ಹಿರಿಯರ ಕನಿಷ್ಠ ವಯಸ್ಸನ್ನು ಹಂತಹಂತವಾಗಿ ಏರಿಸಲು ಒಪ್ಪಿತು: 2023–24ರಲ್ಲಿ 16, 2024–25ರಿಂದ 17. ಬೆಳೆಯುವ ಮಕ್ಕಳ ದೇಹ ಮತ್ತು ಮನಸ್ಸಿನ ರಕ್ಷಣೆಯೇ ಇದಕ್ಕೆ ಕೊಟ್ಟ ಮುಖ್ಯ ಕಾರಣ. ಬೀಜಿಂಗ್ ಪ್ರಕರಣಕ್ಕೆ ಮುಂಚಿನಿಂದಲೂ ಈ ಪ್ರಸ್ತಾವ ಚರ್ಚೆಯಲ್ಲಿತ್ತು.

ದೇಹ ತೆರುವ ಬೆಲೆ

ಪ್ರತಿ ಬಾರಿ ಇಳಿಯುವಾಗಲೂ ಒಂದೇ ಕಾಲಿನ ಮೇಲೆ, ದೇಹದ ತೂಕದ ಹಲವು ಪಟ್ಟು ಬಲ ಬೀಳುತ್ತದೆ. ಗಡುಸಾದ ಬೂಟಿನಲ್ಲಿ ಹಿಮ್ಮಡಿಯ ಗಂಟು ಬಾಗದಿರುವುದರಿಂದ ಆ ಹೊಡೆತ ಮೊಣಕಾಲು, ಸೊಂಟ ಮತ್ತು ಬೆನ್ನಿಗೆ ಏರುತ್ತದೆ. ದಿನಕ್ಕೆ ಹತ್ತಾರು ಬಾರಿ, ಅದೂ ಅದೇ ಕಾಲಿನ ಮೇಲೆ ಇದು ಮರುಕಳಿಸಿದಾಗ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಇವನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆದು ಭಾಗ ಇನ್ನೂ ಗಟ್ಟಿಯಾಗಿರದ ಕಾರಣ ಅಪಾಯ ಹೆಚ್ಚು.

ಇನ್ನೊಂದು ಅಪಾಯ ತಟ್ಟೆಯಲ್ಲಿದೆ. ಹಗುರವಾದ ದೇಹ ಬೇಗ ತಿರುಗುತ್ತದೆ ಎಂಬ ಲೆಕ್ಕ ತಿಳಿದ ಮೇಲೆ ಕಡಿಮೆ ತಿನ್ನುವ ಆಸೆ ಹುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ವ್ಯಯವಾಗುವ ಶಕ್ತಿಗೆ ತಕ್ಕಷ್ಟು ಆಹಾರ ಸಿಗದಿದ್ದರೆ ಮುಟ್ಟು ತಡವಾಗುವುದು ಅಥವಾ ನಿಲ್ಲುವುದು, ಮೂಳೆ ಸವೆಯುವುದು, ಗಾಯ ಮಾಯದಿರುವುದು ಮುಂತಾದ ತೊಂದರೆಗಳು ಒಟ್ಟಿಗೇ ಬರುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಇದನ್ನು ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿಕೊರತೆ ಎಂದು ಹೆಸರಿಸಿ ಎಚ್ಚರಿಸುತ್ತ ಬಂದಿದೆ. ಸಣಕಲಾಗಿ ಉಳಿದು ಗೆದ್ದ ಜಿಗಿತದ ಸಾಲವನ್ನು ಮೂಳೆಗಳು ಆಮೇಲೆ ತೀರಿಸುತ್ತವೆ.

ಬಿಟ್ಟು ಹೋದವರು, ಮರಳಿ ಬಂದವರು

ಅಮೆರಿಕದ ಅಲಿಸಾ ಲಿಯು 2019ರಲ್ಲಿ 13ನೇ ವಯಸ್ಸಿಗೆ ತಮ್ಮ ದೇಶದ ಹಿರಿಯರ ಚಾಂಪಿಯನ್ ಆದರು. ರಾಷ್ಟ್ರೀಯ ಸ್ಪರ್ಧೆಗೆ ಅಂತರರಾಷ್ಟ್ರೀಯ ವಯೋಮಿತಿ ಅನ್ವಯಿಸದ ಕಾರಣ ಇದು ಸಾಧ್ಯವಾಯಿತು. ಆದರೆ ಆ ವರ್ಷ ಅವರು ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ಗೂ ಅರ್ಹರಾಗಿರಲಿಲ್ಲ. ಮುಂದಿನ ಋತುವಿನಲ್ಲಿ ನಾಲ್ಕು ಸುತ್ತಿನ ಲುಟ್ಜ್ ಮತ್ತು ಟ್ರಿಪಲ್ ಆ್ಯಕ್ಸೆಲ್ ಎರಡನ್ನೂ ಒಂದೇ ಕಾರ್ಯಕ್ರಮದಲ್ಲಿ ಇಳಿಸಿದ ಮೊದಲ ಮಹಿಳೆಯಾದರು. ಅನಂತರ ಎತ್ತರ ಬೆಳೆಯಿತು, ಗಾಯವಾಯಿತು, ಆ ಜಿಗಿತಗಳು ಹೋದವು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಡಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು, 2022ರ ಏಪ್ರಿಲ್‌ನಲ್ಲಿ 16ನೇ ವಯಸ್ಸಿಗೆ ನಿವೃತ್ತಿ ಘೋಷಿಸಿ ಕಾಲೇಜು ಸೇರಿದರು. ಎರಡು ವರ್ಷದ ನಂತರ ಮರಳಿ, 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರ ಕಾರ್ಯಕ್ರಮದಲ್ಲಿ ನಾಲ್ಕು ಸುತ್ತಿನ ಜಿಗಿತವೂ ಇರಲಿಲ್ಲ, ಟ್ರಿಪಲ್ ಆ್ಯಕ್ಸೆಲ್ಲೂ ಇರಲಿಲ್ಲ. ಬೀಜಿಂಗ್‌ನಲ್ಲಿ ಕಂಚು ಗೆದ್ದ ಸಾಕಾಮೊಟೊ ಕೂಡ 2022ರಿಂದ 2024ರವರೆಗೆ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆದದ್ದು ವೇಗ, ಹಿಡಿತ ಮತ್ತು ಮೂರು ಸುತ್ತಿನ ಜಿಗಿತಗಳ ಶುದ್ಧಿಯಿಂದ. ಮೂರನೆಯದನ್ನು ಗೆದ್ದಾಗ ಅವರಿಗೆ 23 ವರ್ಷ.

ಪೇರ್ಸ್ ವಿಭಾಗದಲ್ಲಿ ಇನ್ನೂ ಅಚ್ಚರಿಯ ಉದಾಹರಣೆಯಿದೆ. 2000ದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಿಂಗಲ್ಸ್ ಬೆಳ್ಳಿ ಗೆದ್ದಿದ್ದ ಡಿಯಾನಾ ಸ್ಟೆಲಾಟೊ ಗಾಯಗಳಿಂದಾಗಿ ಆಟ ಬಿಟ್ಟು, 16 ವರ್ಷಗಳ ಬಳಿಕ ಪೇರ್ಸ್‌ಗೆ ಮರಳಿ, 2024ರಲ್ಲಿ ಕೆನಡಾದ ಮ್ಯಾಕ್ಸಿಮ್ ಡೆಶಾಂಪ್ ಜತೆ ವಿಶ್ವ ಚಾಂಪಿಯನ್ ಆದರು. ಆಗ ಅವರಿಗೆ 40 ವರ್ಷ.

ಬಿಟ್ಟವರೆಲ್ಲರೂ ಹೀಗೆ ಮರಳುವುದಿಲ್ಲ. ಕೆಲವರು ಐಸ್ ಶೋಗಳಲ್ಲಿ ಕಾಣಿಸಿಕೊಳ್ಳುತ್ತಾರೆ, ಕೆಲವರು ತರಬೇತುದಾರರೋ ನೃತ್ಯ ಸಂಯೋಜಕರೋ ಆಗುತ್ತಾರೆ, ಇನ್ನು ಕೆಲವರು ತಾಂತ್ರಿಕ ಸಮಿತಿಯಲ್ಲಿ ಕುಳಿತು ಬೇರೆಯವರ ಲುಟ್ಜ್ ಯಾವ ಅಂಚಿನಿಂದ ಎದ್ದಿತೆಂದು ನೋಡುತ್ತಾರೆ.

ಮಾವೊ ಅಸಾಡಾ ಟ್ಯುರಿನ್ ತಪ್ಪಿಸಿಕೊಂಡ ನಾಲ್ಕು ವರ್ಷದ ಮೇಲೆ, 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಆ್ಯಕ್ಸೆಲ್ ಹಾರಿ ಬೆಳ್ಳಿ ಗೆದ್ದರು. ಆಗ ಅವರಿಗೆ 19. ಮಾವೊ ಶಿಮಾಡಾಗೆ ಹಿರಿಯರ ಸ್ಪರ್ಧೆಗಳ ಬಾಗಿಲು ತೆರೆಯುವುದು 2026ರ ಜುಲೈ 1ರಂದು. ಮುಂದಿನ ಚಳಿಗಾಲದ ಒಲಿಂಪಿಕ್ಸ್ ಫ್ರಾನ್ಸಿನ ಆಲ್ಪ್ಸ್‌ನಲ್ಲಿ, 2030ರಲ್ಲಿ. ಆ ಫೆಬ್ರುವರಿಗೆ ಅವರಿಗೆ 21 ತುಂಬಿರುತ್ತದೆ.